ಫಿಟ್‌ನೆಸ್ ಸರ್ಟಿಫಿಕೇಟ್ ಬೀರುವಿನಲ್ಲಿದೆ, ನಾನು ಮನೆಯಲ್ಲಿದ್ದೇನೆ

ತರೀಕೆರೆ ಕ್ಯಾಷಿಯರ್ | ಬುಧವಾರ, ರಾತ್ರಿ 9:40

ನನಗೆ 52 ವರ್ಷ. ಪತ್ತಿನ ಸಹಕಾರ ಸಂಘವೊಂದರಲ್ಲಿ ಕ್ಯಾಷಿಯರ್. ಹೃದಯದ ಬೈಪಾಸ್ ಆಪರೇಷನ್ ಆಗಿ ನಾಲ್ಕು ತಿಂಗಳು ತುಂಬಿತು, ಮೂರು ಗ್ರಾಫ್ಟ್, ಅಂದರೆ ಮೂರು ಕಡೆ ನಾಳ ಜೋಡಿಸಿದ್ದಾರೆ. ಎದೆಯ ಗಾಯ ಒಣಗಿದೆ, ನಾಳ ತೆಗೆದ ಕಾಲಿನ ಊತ ಇಳಿದಿದೆ. ಕಳೆದ ತಿಂಗಳು ಡಾಕ್ಟರು ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿ, ‘ಇನ್ನು ಕೆಲಸಕ್ಕೆ ಹೊರಡಿ’ ಎಂದು ಫಿಟ್‌ನೆಸ್ ಸರ್ಟಿಫಿಕೇಟ್ ಬರೆದುಕೊಟ್ಟರು. ಅದು 23 ದಿನಗಳಿಂದ ಬೀರುವಿನಲ್ಲಿ, ಹೆಂಡತಿಯ ರೇಷ್ಮೆ ಸೀರೆಗಳ ಅಡಿಯಲ್ಲಿದೆ. ಸಂಘದವರಿಗೆ ‘ಇನ್ನೊಂದು ಪರೀಕ್ಷೆ ಬಾಕಿ ಇದೆ’ ಎಂದಿದ್ದೇನೆ. ಹೆಂಡತಿಗೂ ಅದನ್ನೇ ಹೇಳಿದ್ದೇನೆ.

ಮೂರು ಸಲ ಹೊರಟೆ. ಮೊದಲ ಸಲ ಅಂಗಿಯ ಗುಂಡಿ ಹಾಕಿಕೊಳ್ಳುವಾಗಲೇ ಕೈ ನಡುಗಿತು. ಎರಡನೆಯ ಸಲ ಬಸ್ ನಿಲ್ದಾಣದವರೆಗೆ ಹೋದೆ. ಮೂರನೆಯ ಸಲ ಸಂಘದ ಎದುರಿನ ಹೋಟೆಲಿನಲ್ಲಿ ಕುಳಿತು ಅರ್ಧ ಲೋಟ ಕಾಫಿ ಕುಡಿದೆ. ಅಲ್ಲಿಂದ ನನ್ನ ಕೌಂಟರ್ ಕಾಣುತ್ತದೆ. ಏಳೆಂಟು ಜನ ಸಾಲಿನಲ್ಲಿ ನಿಂತಿದ್ದರು. ಎದೆ ಹೊಡೆದುಕೊಳ್ಳತೊಡಗಿತು, ಅಂಗೈ ಒದ್ದೆಯಾಯಿತು. ಆಟೊ ಹಿಡಿದು ಮನೆಗೆ ಬಂದು ಮಲಗಿದೆ. ನಾಡಿ ಎಣಿಸಿಕೊಂಡೆ, 104. ಹತ್ತು ನಿಮಿಷ ಬಿಟ್ಟು ಎಣಿಸಿದರೆ 78.

ಸಾವಿನ ಭಯ ಆಪರೇಷನ್‌ಗೆ ಮುಂಚೆಯೇ ಬಂದು ಹೋಯಿತು. ಈಗ ಕಾಡುವುದು ಬೇರೆ. ನೋಟಿನ ಕಂತೆ ಕೈಯಲ್ಲಿರುವಾಗಲೇ, ಸಾಲಿನಲ್ಲಿ ನಿಂತ ಅಷ್ಟೂ ಜನರ ಎದುರು ಕುರ್ಚಿಯಿಂದ ಜಾರಿ ಬೀಳುತ್ತೇನೆ ಎಂದು ಕಣ್ಣಿಗೆ ಕಟ್ಟುತ್ತದೆ. ಯಾರಿಗಾದರೂ ಹೀಗೆ ಆಗಿದೆಯೇ? ಇದು ಹೃದಯದ ತೊಂದರೆಯೋ, ತಲೆಯದೋ?

ಕಲ್ಲುಬಂಡೆ | ಬುಧವಾರ, ರಾತ್ರಿ 10:05

ಸ್ವಾಮಿ, ಇದಕ್ಕೆಲ್ಲ ಮದ್ದು ಒಂದೇ, ಎದ್ದು ಹೋಗುವುದು. ನಮ್ಮ ತಂದೆಗೆ ಬೈಪಾಸ್ ಆದಾಗ 61 ವರ್ಷ. ಇಪ್ಪತ್ತನೆಯ ದಿನ ಹೊಲಕ್ಕೆ ಹೋಗಿ ಮೋಟಾರು ಹಾಕಿ ನೀರು ಕಟ್ಟಿ ಬಂದರು. ಕುಳಿತು ನೋಟು ಎಣಿಸುವವರಿಗೆ ಏನು ಕಷ್ಟ? ಮನಸ್ಸು ಗಟ್ಟಿ ಮಾಡಿಕೊಳ್ಳಿ, ಸಾಕು.

ಹಾಸನದ ಆಟೊ | ಬುಧವಾರ, ರಾತ್ರಿ 10:31

ಕಲ್ಲುಬಂಡೆಯವರೇ, ಮನಸ್ಸು ಗಟ್ಟಿ ಮಾಡಿಕೊಂಡವನು ನಾನಿದ್ದೇನೆ, ಕೇಳಿ. ಆರನೆಯ ವಾರಕ್ಕೇ ಹ್ಯಾಂಡಲ್ ಹಿಡಿದೆ. ಧೈರ್ಯ ಬಂತೆಂದಲ್ಲ, ಕಂತು ಕಟ್ಟುವ ತಾರೀಖು ಬಂತು. ಆಗ 2025ರ ಜೂನ್. ನಮ್ಮ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಟಿ.ವಿ.ಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಬರುತ್ತಿತ್ತು. ಏನೂ ತೊಂದರೆ ಇಲ್ಲದವರೂ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನಸುಕಿನಲ್ಲೇ ಸಾಲು ನಿಂತಿದ್ದರು. ಅಂಥ ದಿನಗಳಲ್ಲಿ ಎದೆಯ ಮೇಲೆ ಹೊಲಿಗೆ ಇಟ್ಟುಕೊಂಡು ನಾನು ಆಟೊ ಓಡಿಸುತ್ತಿದ್ದೆ. ಅಂಗಿಯ ಮೇಲಿನ ಗುಂಡಿಯನ್ನು ಎಂದೂ ಬಿಚ್ಚುತ್ತಿರಲಿಲ್ಲ. ಗಾಯ ಕಂಡರೆ ಗಿರಾಕಿ ಹತ್ತುವುದಿಲ್ಲ.

ಹೀಗಾಗಿ ನನಗೆ ಭಯಪಡಲು ಪುರುಸೊತ್ತೇ ಸಿಗಲಿಲ್ಲ ಎಂದುಕೊಂಡಿದ್ದೆ. ಆರು ತಿಂಗಳ ಮೇಲೆ, ಎಲ್ಲ ಸರಿಹೋಯಿತು ಎನ್ನುವಾಗ, ಅದು ಬಂತು. ಒಂದು ಮಧ್ಯಾಹ್ನ ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿಕೊಂಡು ಸುಮ್ಮನೆ ಅತ್ತೆ. ಯಾಕೆ ಎಂದು ಇವತ್ತಿಗೂ ಹೇಳಲಾರೆ.

ವಾರ್ಡಿನ ಸಿಸ್ಟರ್ | ಗುರುವಾರ, ಬೆಳಗ್ಗೆ 6:50

ಹೃದಯ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ 19 ವರ್ಷದಿಂದ ಇದ್ದೇನೆ. ಈಗಷ್ಟೇ ರಾತ್ರಿ ಪಾಳಿ ಮುಗಿಯಿತು.

ಕ್ಯಾಷಿಯರ್ ಸರ್, ಮೊದಲು ಒಂದು ಮಾತು. ಹೋಟೆಲಿನಲ್ಲಿ ಕುಳಿತಾಗ ಎದೆನೋವು, ದವಡೆಗೋ ತೋಳಿಗೋ ಹರಿಯುವ ನೋವು, ತಲೆಸುತ್ತು, ಉಸಿರು ಕಟ್ಟುವುದು ಏನಾದರೂ ಇತ್ತೇ? ಇದ್ದರೆ ಇಲ್ಲಿ ಬರೆಯುತ್ತ ಕೂರಬೇಡಿ, ಡಾಕ್ಟರನ್ನು ಕಾಣಿ. ಬರೀ ಬಡಿತ, ಬೆವರು, ಮನೆಗೆ ಬಂದ ಮೇಲೆ ಇಳಿಯಿತು ಎಂದಾದರೆ, ನಿಮ್ಮ ಟ್ರೆಡ್‌ಮಿಲ್ ವರದಿ ತೆಗೆಯಿರಿ. ಅದರಲ್ಲಿ ‘ಮೆಟ್ಸ್’ ಎಂದು ಒಂದು ಅಂಕಿ ಇರುತ್ತದೆ. ಎಷ್ಟಿದೆ, ಬರೆಯಿರಿ.

ಕಲ್ಲುಬಂಡೆಯವರೇ, ಇಪ್ಪತ್ತನೆಯ ದಿನ ಹೊಲಕ್ಕೆ ಹೋದದ್ದು ಶೌರ್ಯವಲ್ಲ. ಎದೆಮೂಳೆಯನ್ನು ಉದ್ದಕ್ಕೆ ಸೀಳಿ, ಸ್ಟೀಲ್ ತಂತಿಯಿಂದ ಕಟ್ಟಿರುತ್ತಾರೆ. ಅದು ಗಟ್ಟಿಯಾಗಿ ಕೂಡಲು ಎರಡರಿಂದ ಮೂರು ತಿಂಗಳು ಬೇಕು.

ತರೀಕೆರೆ ಕ್ಯಾಷಿಯರ್ | ಗುರುವಾರ, ಬೆಳಗ್ಗೆ 8:15

ನೋವು ಇರಲಿಲ್ಲ ಸಿಸ್ಟರ್. ಮೆಟ್ಸ್ 7.2 ಎಂದಿದೆ. ಎಕೋ (ಹೃದಯದ ಸ್ಕ್ಯಾನ್) ವರದಿಯಲ್ಲಿ ‘ಇ.ಎಫ್. 55’ ಎಂದಿದೆ. ಇನ್ನು 45 ಭಾಗ ಏನಾಯಿತು ಎಂದು ಕೇಳಲು ಆಗ ಬಾಯಿ ಬರಲಿಲ್ಲ.

ವಾರ್ಡಿನ ಸಿಸ್ಟರ್ | ಗುರುವಾರ, ಮಧ್ಯಾಹ್ನ 3:20

ನೋಡಿ, ಇಲ್ಲೇ ಇದೆ ಗಂಟು. ಇ.ಎಫ್. ಎಂದರೆ ಹೃದಯದ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ನೂರಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂಬ ಲೆಕ್ಕ. 55 ಎಂದರೆ ನೂರಕ್ಕೆ 55 ಅಂಕ ಬಂದು ಹೇಗೋ ಪಾಸಾದಂತೆ ಎಂದು ನೀವು ತಿಳಿದಿದ್ದೀರಿ. ಆರೋಗ್ಯವಂತರ ಹೃದಯವೂ ಒಂದು ಬಡಿತಕ್ಕೆ ತನ್ನೊಳಗಿನ ರಕ್ತವನ್ನೆಲ್ಲ ಖಾಲಿ ಮಾಡುವುದಿಲ್ಲ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತಳ್ಳುತ್ತದೆ, ಅಷ್ಟೇ. 55 ಸಹಜ ಅಂಕಿ.

ಇನ್ನು ಮೆಟ್ಸ್. ಸುಮ್ಮನೆ ಕುಳಿತಾಗ ದೇಹ ಬಳಸುವ ಆಮ್ಲಜನಕವನ್ನು 1 ಎಂದು ಇಟ್ಟುಕೊಳ್ಳುತ್ತಾರೆ. ಕುಳಿತು ಮಾಡುವ ಕಚೇರಿ ಕೆಲಸ ಹೆಚ್ಚೆಂದರೆ 2. ಸಮತಟ್ಟಾದ ರಸ್ತೆಯಲ್ಲಿ ಸಾಧಾರಣ ನಡಿಗೆ 3ರ ಆಸುಪಾಸು. ನೀವು 7 ದಾಟಿದ್ದೀರಿ. ಲೆಕ್ಕ ನಿಮಗೆ ನಾನು ಹೇಳಿಕೊಡಬೇಕೆ? ಖಾತೆಯಲ್ಲಿ ಏಳು ಸಾವಿರ ಇರುವಾಗ ಎರಡು ಸಾವಿರದ ಚೆಕ್ಕಿಗೆ ಹೆದರುತ್ತಿದ್ದೀರಿ.

ಈ ಒಗಟು ಹಳೆಯದು. 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ರೆನೆ ಫವಲೊರೊ ಕಾಲಿನ ನಾಳ ತೆಗೆದು ಹೃದಯಕ್ಕೆ ಜೋಡಿಸಿದ ಮೇಲೆ ಈ ಶಸ್ತ್ರಚಿಕಿತ್ಸೆ ಎಲ್ಲೆಡೆ ಹಬ್ಬಿತು. ನಮ್ಮ ದೇಶಕ್ಕೆ 1975ರಲ್ಲಿ ಬಂತು, ಮದ್ರಾಸಿನಲ್ಲಿ. ಎದೆನೋವು ಹೋದರೆ ಜನ ತಾವಾಗಿ ಕೆಲಸಕ್ಕೆ ಮರಳುತ್ತಾರೆ ಎಂದು ವೈದ್ಯರು ಭಾವಿಸಿದ್ದರು. ನೋವು ಹೋಯಿತು, ಆದರೆ ಮರಳಿದವರ ಸಂಖ್ಯೆ ಅದರ ಜೊತೆಗೆ ಏರಲಿಲ್ಲ. ಆಮೇಲೆ ಎಷ್ಟೋ ಕಡೆ ವಿಚಾರಿಸಿ ನೋಡಿದಾಗ ಮತ್ತೆ ಮತ್ತೆ ಕಂಡದ್ದು ಎಷ್ಟು ನಾಳ ಕಟ್ಟಿತ್ತು ಎಂಬುದಕ್ಕಿಂತ ಬೇರೆಯ ಸಂಗತಿಗಳು: ಆಪರೇಷನ್‌ಗೆ ಮುಂಚೆ ಎಷ್ಟು ತಿಂಗಳು ಕೆಲಸ ಬಿಟ್ಟು ಕುಳಿತಿದ್ದರು, ‘ನಾನು ಮರಳುತ್ತೇನೆ’ ಎಂದು ಆಗಲೇ ನಂಬಿದ್ದರೇ, ಮನಸ್ಸು ಕುಗ್ಗಿದೆಯೇ, ಮಾಡುವ ಕೆಲಸ ಎಂಥದ್ದು.

ಒಂದು ಕೆಲಸ ಕೊಡುತ್ತೇನೆ. ಈಗ ನಿಮ್ಮ ಎದೆಯೊಳಗೆ ಹೃದಯ ಹೇಗಿದೆ ಎಂದು ನಿಮಗೆ ಅನ್ನಿಸುತ್ತದೋ ಹಾಗೆ ಒಂದು ಕಾಗದದ ಮೇಲೆ ಬಿಡಿಸಿ. ಚಂದ ಬೇಕಿಲ್ಲ. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಇಳಕಲ್ ಸೀರೆ | ಗುರುವಾರ, ರಾತ್ರಿ 8:02

ನಾನು ರೋಗಿಯ ಹೆಂಡತಿ. ನಮ್ಮವರು ಕೈಮಗ್ಗದವರು. ಬೈಪಾಸ್ ಆಗಿ ಮೂರು ತಿಂಗಳಿಗೆ ಮಗ್ಗದ ಕುಣಿಗೆ ಇಳಿದರು. ನಾನು ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕಿವಿಯನ್ನು ಮಗ್ಗದ ಕಡೆ ಇಟ್ಟಿರುತ್ತಿದ್ದೆ. ಲಾಳಿ ಓಡುವ ಸಪ್ಪಳ ನಿಂತಿತೆಂದರೆ ಹಿಟ್ಟಿನ ಕೈಯಲ್ಲೇ ಓಡುತ್ತಿದ್ದೆ. ಅವರು ಕಡಿದ ಎಳೆ ಜೋಡಿಸುತ್ತ ಕುಳಿತಿರುತ್ತಿದ್ದರು. ದಿನಕ್ಕೆ ಇಪ್ಪತ್ತು ಸಲ ಎಳೆ ಕಡಿಯುತ್ತದೆ, ಇಪ್ಪತ್ತು ಸಲ ಓಡುತ್ತಿದ್ದೆ. ಎರಡು ವಾರಕ್ಕೆ ಅವರು ಮಗ್ಗ ಬಿಟ್ಟು ಕಟ್ಟೆಯ ಮೇಲೆ ಕುಳಿತುಬಿಟ್ಟರು.

ನಮ್ಮತ್ತೆ ಒಂದು ದಿನ ಹೇಳಿದರು: ‘ಅವನ ಎದಿ ಡಾಕ್ಟರು ಹೊಲದಾರ, ನಿನ್ನ ಎದಿ ಯಾರು ಹೊಲಿಬೇಕು?’ ಆಸ್ಪತ್ರೆಯಲ್ಲಿ ಎಲ್ಲರೂ ಅವರಿಗೆ ಹೇಳಿದರು, ಏನು ತಿನ್ನಬೇಕು, ಎಷ್ಟು ನಡೆಯಬೇಕು ಎಂದು. ಐ.ಸಿ.ಯು. ಬಾಗಿಲಿನ ಸಣ್ಣ ಗಾಜಿನಿಂದ ಅವರನ್ನು ನಳಿಕೆಗಳ ನಡುವೆ ನೋಡಿ ಬಂದ ನನಗೆ ಯಾರೂ ಏನೂ ಹೇಳಲಿಲ್ಲ. ಸಪ್ಪಳ ನಿಂತಾಗಲೆಲ್ಲ ನನ್ನ ಕಣ್ಣಿಗೆ ಆ ಗಾಜು ಬರುತ್ತಿತ್ತು.

ಆಮೇಲೆ ಒಂದು ಒಪ್ಪಂದ ಮಾಡಿಕೊಂಡೆವು. ಎಳೆ ಕಡಿದರೆ ಅವರು ಜೋರಾಗಿ ಕೆಮ್ಮಬೇಕು. ನಗು ಬರುತ್ತದೆ, ಆದರೆ ನಡೆಯಿತು. ಈಗ ಕೆಮ್ಮುವುದನ್ನೂ ಬಿಟ್ಟಿದ್ದಾರೆ, ನಾನು ಓಡುವುದನ್ನೂ ಬಿಟ್ಟಿದ್ದೇನೆ. ಅಣ್ಣಾ, ನಿಮ್ಮ ಮನೆಯವರಿಗೆ ಆ ಸರ್ಟಿಫಿಕೇಟ್ ತೋರಿಸಿ. ಸುಳ್ಳನ್ನು ಅವರು ಖಂಡಿತ ಬಲ್ಲರು.

ನಿವೃತ್ತ ಚಾಲಕ | ಗುರುವಾರ, ರಾತ್ರಿ 9:14

ನಾನು ತಕರಾರು ಹೇಳಲು ಬಂದಿದ್ದೇನೆ. ಎಲ್ಲರೂ ಮರಳಲೇಬೇಕು ಎಂದು ಯಾಕೆ ಹಿಡಿದುಕೊಂಡಿದ್ದೀರಿ? 26 ವರ್ಷ ಬಸ್ ಓಡಿಸಿದವನು ನಾನು. ಆಪರೇಷನ್ ಆದ ಮೇಲೆ ಕಚೇರಿಯಲ್ಲಿ ಕುರ್ಚಿ ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ಟ್ರಿಪ್ ಶೀಟು ಜೋಡಿಸುವ ಕೆಲಸ. ಕಿಟಕಿಯಾಚೆ ನನ್ನ ಮಾರ್ಗದ ಬಸ್ಸು ಬೆಳಗ್ಗೆ 6:10ಕ್ಕೆ ಹೊರಡುವಾಗ ಗೇರ್ ಬೀಳುವ ಸದ್ದಿನಿಂದಲೇ ಹೊಸ ಹುಡುಗ ಕ್ಲಚ್ ಸವೆಸುತ್ತಿದ್ದಾನೆ ಎಂದು ತಿಳಿಯುತ್ತಿತ್ತು. ಹೃದಯಕ್ಕೆ ಏನೂ ಆಗಲಿಲ್ಲ, ಆದರೆ ಆ ಕುರ್ಚಿಯಲ್ಲಿ ನಾನು ದಿನದಿನವೂ ಕರಗಿದೆ. ಸ್ಟೀರಿಂಗ್ ಮತ್ತೆ ಕೊಡಿ ಎಂದು ಕೇಳುವ ಧೈರ್ಯವೂ ಇರಲಿಲ್ಲ. ಹಿಂದೆ ಐವತ್ತು ಜನ ಕುಳಿತಿರುತ್ತಾರೆ. ನನ್ನೊಬ್ಬನ ಪ್ರಾಣವಾಗಿದ್ದರೆ ಬೇರೆ ಮಾತು.

54ಕ್ಕೆ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಈಗ ಎರಡು ಎಮ್ಮೆ, ಅರ್ಧ ಎಕರೆ ಅಡಿಕೆ. ಸೋತೆ ಎಂದು ಯಾರಾದರೂ ಅಂದರೆ ಅನ್ನಲಿ.

ವಾರ್ಡಿನ ಸಿಸ್ಟರ್ | ಶುಕ್ರವಾರ, ಬೆಳಗ್ಗೆ 7:05

ಯಾರೂ ಅನ್ನುವುದಿಲ್ಲ ಸರ್. ತಿಳಿದು ಬಿಡುವುದು ಬೇರೆ, ಹೆದರಿ ಬಿಡುವುದು ಬೇರೆ. ನೀವು ಯಾವುದು ಮಾಡಿದಿರಿ ಎಂದು ನಿಮಗೇ ಗೊತ್ತು. ಭಾರಿ ವಾಹನದ ಮಾತು ಬಂದಾಗ ನಿಮ್ಮ ಅಳುಕು ಬರೀ ಅಳುಕೂ ಅಲ್ಲ. ಬ್ರಿಟನ್ನಿನಲ್ಲಿ ಬೈಪಾಸ್ ಆದವರು ಸ್ವಂತ ಕಾರನ್ನು ನಾಲ್ಕು ವಾರಕ್ಕೆ ಓಡಿಸಬಹುದು, ಬಸ್ಸು ಲಾರಿಗಾದರೆ ಮೂರು ತಿಂಗಳು ಕಾದು ಪರೀಕ್ಷೆಯಲ್ಲಿ ಪಾಸಾಗಬೇಕು.

ಆದರೆ ‘ಕರಗಿದೆ’ ಎಂಬ ನಿಮ್ಮ ಮಾತೂ, ಸ್ಟ್ಯಾಂಡಿನಲ್ಲಿ ಅತ್ತೆ ಎಂಬ ಹಾಸನದ ಅಣ್ಣನ ಮಾತೂ ನನ್ನನ್ನು ತಡೆದು ನಿಲ್ಲಿಸಿದವು. ಬೈಪಾಸ್ ಆದ ಐವರಲ್ಲಿ ಸುಮಾರು ಒಬ್ಬರಿಗೆ ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆ ಇರುತ್ತದೆ. ನಮ್ಮಲ್ಲಿ ಅದಕ್ಕೆ ‘ಸುಸ್ತು’ ಎಂದು ಹೆಸರು. ಎರಡು ಪ್ರಶ್ನೆ ಕೇಳಿಕೊಳ್ಳಿ. ಕಳೆದ ಎರಡು ವಾರಗಳಲ್ಲಿ ಹೆಚ್ಚಿನ ದಿನ ಮನಸ್ಸು ಕುಗ್ಗಿತ್ತೇ? ಮೊದಲು ಇಷ್ಟವಾಗುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿತ್ತೇ? ಯಾವುದಕ್ಕಾದರೂ ಹೌದು ಎಂದಾದರೆ ಡಾಕ್ಟರ ಬಳಿ ಬಾಯಿಬಿಟ್ಟು ಹೇಳಿ. ಊರಲ್ಲಿ ಯಾರೂ ಇಲ್ಲದಿದ್ದರೆ 14416, ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತನಾಡುತ್ತಾರೆ.

ನಿವೃತ್ತ ಚಾಲಕ | ಶುಕ್ರವಾರ, ಬೆಳಗ್ಗೆ 9:30

ಮಾತ್ರೆ ತೆಗೆದುಕೊಂಡಿದ್ದೆ ಸಿಸ್ಟರ್, ಒಂಬತ್ತು ತಿಂಗಳು. ಬರೆಯಬಾರದು ಎಂದುಕೊಂಡಿದ್ದೆ. ಹೃದಯದವರಿಗೆ ಇಂಥ ಮಾತ್ರೆ ವಿಷ ಎಂದು ನೆರೆಯವರು ಹೆದರಿಸಿದ್ದರು.

ವಾರ್ಡಿನ ಸಿಸ್ಟರ್ | ಶುಕ್ರವಾರ, ಬೆಳಗ್ಗೆ 9:52

ನೆರೆಯವರು ಪೂರ್ತಿ ಸುಳ್ಳು ಹೇಳಲಿಲ್ಲ, ಹಳೆಯ ಕಾಲದ ಕೆಲವು ಖಿನ್ನತೆಯ ಮಾತ್ರೆಗಳು ಹೃದಯಕ್ಕೆ ಒಳ್ಳೆಯವಲ್ಲ. ಆದರೆ ಸರ್ಟ್ರಾಲಿನ್ ಎಂಬುದನ್ನು ಹೃದಯಾಘಾತವೋ ಅಸ್ಥಿರ ಎದೆನೋವೋ ಬಂದಿದ್ದ 369 ಜನರಲ್ಲಿ ಪರೀಕ್ಷಿಸಿ, ಸುರಕ್ಷಿತ ಎಂದು 2002ರಲ್ಲೇ ಪ್ರಕಟಿಸಿದ್ದಾರೆ. ನಿಮಗೆ ಯಾವುದು ಸರಿ ಎಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು, ನಾನಲ್ಲ. ಮಾತೂ ಔಷಧವೇ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಬೈಪಾಸ್ ನಂತರ ಖಿನ್ನರಾದ 302 ಜನರನ್ನು ತೆಗೆದುಕೊಂಡು, ಅರ್ಧದಷ್ಟು ಜನರಿಗೆ ನನ್ನಂಥ ದಾದಿಯರು ಎಂಟು ತಿಂಗಳು ಫೋನಿನಲ್ಲೇ ವಿಚಾರಿಸಿಕೊಂಡರು. ಉಳಿದವರಿಗಿಂತ ಅವರು ಚೆನ್ನಾಗಿ ಚೇತರಿಸಿಕೊಂಡರು. 2009ರ ಅಧ್ಯಯನ ಅದು. ಗಂಡಸರಿಗೆ ಹೆಚ್ಚು ಉಪಯೋಗವಾಯಿತು, ಹೆಂಗಸರಿಗೆ ಅಷ್ಟಾಗಲಿಲ್ಲ.

ಟಿಕ್ ಟಿಕ್ | ಶುಕ್ರವಾರ, ಮಧ್ಯಾಹ್ನ 1:18

ಹೆಂಗಸರಿಗೆ ಯಾಕೆ ಆಗಲಿಲ್ಲ ಎಂದು ನಾನು ಹೇಳುತ್ತೇನೆ. ಫೋನ್ ಬಂದಾಗ ಅವರು ಪಾತ್ರೆ ತೊಳೆಯುತ್ತಿದ್ದರು.

ತಮಾಷೆ ಬಿಡಿ. ನನಗೆ 34. ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಕವಾಟ ಕೆಟ್ಟಿತ್ತು, ಲೋಹದ ಕವಾಟ ಹಾಕಿದ್ದಾರೆ. ರಾತ್ರಿ ಎಲ್ಲ ಮಲಗಿದ ಮೇಲೆ ಗಡಿಯಾರದಂತೆ ಸದ್ದು ಕೇಳುತ್ತದೆ. ನನ್ನ ಮಗ ಅದಕ್ಕೆ ಕಿವಿ ಇಟ್ಟೇ ನಿದ್ದೆ ಹೋಗುತ್ತಾನೆ. ಮೊದಲ ತಿಂಗಳು ನನಗೆ ಆ ಸದ್ದೇ ಶತ್ರು. ಒಂದು ಟಿಕ್ ಆದ ಮೇಲೆ ಮುಂದಿನದು ಬರುತ್ತದೋ ಇಲ್ಲವೋ ಎಂದು ಕಾಯುತ್ತಿದ್ದೆ. ಈಗ ಗಾರ್ಮೆಂಟ್ಸ್‌ನಲ್ಲಿ ನೂರು ಮಷಿನ್ ಒಟ್ಟಿಗೆ ಓಡುವಾಗ ಅದು ಕೇಳುವುದಿಲ್ಲ, ನನಗೆ ಅಲ್ಲೇ ನೆಮ್ಮದಿ.

‘ಕೆಲಸಕ್ಕೆ ಯಾವಾಗ ಹೋಗುತ್ತೀಯ’ ಎಂದು ಎಲ್ಲರೂ ಕೇಳಿದರು. ನಾಲ್ಕನೆಯ ವಾರಕ್ಕೇ ಕೊಡ ಎತ್ತಿ, ಬಟ್ಟೆ ಹಿಂಡಿ, ಒಲೆ ಮುಂದೆ ನಿಂತಿದ್ದೆನಲ್ಲ, ಅದು ಯಾರ ಲೆಕ್ಕಕ್ಕೂ ಬರಲಿಲ್ಲ. ಐದು ಕಿಲೋಗಿಂತ ಹೆಚ್ಚು ಎತ್ತಬೇಡಿ ಎಂದು ಬಿಡುಗಡೆಯ ಚೀಟಿಯಲ್ಲಿ ಬರೆದಿದ್ದರು. ತುಂಬಿದ ಕೊಡ ಎಷ್ಟು ಕಿಲೋ ಎಂದು ಬರೆದವರಿಗೆ ಗೊತ್ತಿರಲಿಲ್ಲವೇನೋ. ಕಾರ್ಖಾನೆಗೆ ಮರಳಿದಾಗ ಭಯ ಹೃದಯದ್ದಲ್ಲ, ಟಾರ್ಗೆಟ್‌ನದ್ದು. ಗಂಟೆಗೆ ಇಷ್ಟು ಪೀಸ್ ಎಂದು ಬೋರ್ಡಿನ ಮೇಲೆ ಬರೆಯುತ್ತಾರೆ. ನನ್ನದು ಕಡಿಮೆ ಬಂದರೆ ಇಡೀ ಲೈನಿಗೆ ಬೈಗುಳ. ‘ಹಾರ್ಟ್ ಪೇಷೆಂಟ್ ಪಕ್ಕ ನನ್ನನ್ನು ಕೂರಿಸಬೇಡಿ’ ಎಂದು ಒಬ್ಬಳು ಹೇಳಿದ್ದು ಇವತ್ತಿಗೂ ಚುಚ್ಚುತ್ತದೆ.

ಉಪಯೋಗಕ್ಕೆ ಬರುವ ಒಂದು ಮಾತೂ ಹೇಳುತ್ತೇನೆ. ಇ.ಎಸ್.ಐ. (ಕಾರ್ಮಿಕರ ಸರ್ಕಾರಿ ವಿಮೆ) ಇರುವವರಿಗೆ ವರ್ಷದಲ್ಲಿ 91 ದಿನದವರೆಗೆ ಸಂಬಳದ ನೂರಕ್ಕೆ 70ರಷ್ಟು ಕಾಯಿಲೆ ಭತ್ಯೆ ಸಿಗುತ್ತದೆ. ಅದು ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ ನಾನು ಆಸ್ಪತ್ರೆಯ ಮಂಚದ ಮೇಲೆ ಬಾಡಿಗೆಯ ಲೆಕ್ಕ ಹಾಕುತ್ತ ರಾತ್ರಿ ಕಳೆಯುತ್ತಿರಲಿಲ್ಲ. ನಿದ್ದೆ ಕೆಡಿಸಿದ್ದು ಬರೀ ಕವಾಟವಲ್ಲ.

ಲೀಡ್ಸ್ ಕನ್ನಡಿಗ | ಶುಕ್ರವಾರ, ಸಂಜೆ 6:40

ಇಲ್ಲಿ ಬ್ರಿಟನ್ನಿನಲ್ಲಿ ವೈದ್ಯರು ಕೊಡುವ ಚೀಟಿಯನ್ನೇ 2010ರಲ್ಲಿ ಬದಲಿಸಿದರು. ಮೊದಲು ‘ಕೆಲಸ ಮಾಡಲಾರ’ ಎಂದಷ್ಟೇ ಬರೆಯುತ್ತಿದ್ದರು. ಈಗ ‘ಹೀಗೆ ಮಾಡಿಕೊಟ್ಟರೆ ಮಾಡಬಲ್ಲ’ ಎಂದೂ ಬರೆಯಬಹುದು. ಹಂತಹಂತವಾಗಿ ಮರಳುವುದು, ಸಮಯ ಬದಲಿಸುವುದು, ಕೆಲಸದ ಬಗೆ ಬದಲಿಸುವುದು, ಜಾಗದಲ್ಲಿ ಅನುಕೂಲ ಮಾಡಿಕೊಡುವುದು, ಹೀಗೆ. ನನ್ನ ಕವಾಟದ ಆಪರೇಷನ್ ಆದ ಮೇಲೆ ಮೊದಲ ಎರಡು ವಾರ ದಿನಕ್ಕೆ ಮೂರು ಗಂಟೆ ಹೋದೆ. ಭಾರತದಲ್ಲಿ ಇರುವುದು ‘ಫಿಟ್’, ‘ಅನ್‌ಫಿಟ್’ ಎರಡೇ. ನಿನ್ನೆಯವರೆಗೆ ರೋಗಿ, ಇವತ್ತಿನಿಂದ ಪೂರ್ತಿ ನೌಕರ. ಮನಸ್ಸು ಹಾಗೆ ಸ್ವಿಚ್ ಹಾಕಿದಂತೆ ಬದಲಾಗುತ್ತದೆಯೇ? ಕ್ಯಾಷಿಯರ್ ಅವರೇ, ಸಂಘದ ಕಾರ್ಯದರ್ಶಿಯನ್ನು ಅರ್ಧ ದಿನಕ್ಕೆ ಕೇಳಿ ನೋಡಿ.

ತರೀಕೆರೆ ಕ್ಯಾಷಿಯರ್ | ಶುಕ್ರವಾರ, ರಾತ್ರಿ 10:20

ಸಿಸ್ಟರ್, ಚಿತ್ರ ಬಿಡಿಸಿದೆ. ಮಗಳ ಹಳೆಯ ಡ್ರಾಯಿಂಗ್ ಪುಸ್ತಕದ ಹಾಳೆ. ಮಾವಿನಕಾಯಿಯಂಥ ಹೃದಯ, ಅದರ ಮೇಲೆ ಮೂರು ಪೈಪು, ಪೈಪಿನ ತುದಿಗೆ ಸೈಕಲ್ ಟ್ಯೂಬಿಗೆ ಅಂಟಿಸುವಂಥ ಪ್ಯಾಚು. ಕೆಳಗಿನ ಅರ್ಧ ಭಾಗಕ್ಕೆ ಪೆನ್ಸಿಲಿನಿಂದ ಕಪ್ಪು ಬಳಿದೆ. ಬಿಡಿಸಿ ಮುಗಿಸಿದ ಮೇಲೆ ನಾನೇ ನೋಡಿ ದಂಗಾದೆ. ಭಾರ ಎತ್ತಿದರೆ, ಜೋರಾಗಿ ಕೂಗಿದರೆ, ಕೋಪ ಬಂದರೆ ಪ್ಯಾಚು ಎದ್ದುಬರುತ್ತದೆ ಎಂದೇ ನಾನು ನಾಲ್ಕು ತಿಂಗಳಿನಿಂದ ಬದುಕುತ್ತಿದ್ದೇನೆ.

ಇನ್ನೊಂದು ವಿಷಯ ಮೊದಲೇ ಬರೆಯಬೇಕಿತ್ತು. ಮೊದಲ ಎದೆನೋವು ಬಂದದ್ದು ಆ ಕೌಂಟರಿನಲ್ಲೇ. ಐನೂರರ ಕಂತೆ, ಅರುವತ್ತೆರಡನೆಯ ನೋಟು. ಆ ಸಂಖ್ಯೆ ಇನ್ನೂ ನೆನಪಿದೆ. ಪೂರ್ತಿ ಎಣಿಸಿ, ಚೀಟಿ ಬರೆದು, ಆಮೇಲೆ ಎದ್ದು ನೀರು ಕುಡಿಯಲು ಹೋಗಿ ಗೋಡೆ ಹಿಡಿದೆ.

ವಾರ್ಡಿನ ಸಿಸ್ಟರ್ | ಶನಿವಾರ, ಬೆಳಗ್ಗೆ 7:30

ಈಗ ಗೊತ್ತಾಯಿತು. ನಿಮ್ಮ ದೇಹಕ್ಕೆ ಆ ಜಾಗದ ನೆನಪಿದೆ. ಹಾವು ಕಚ್ಚಿದ ಗದ್ದೆಯ ಬದುವಿನ ಮೇಲೆ ನಡೆಯುವಾಗ ಕಾಲು ತಾನಾಗಿ ತಡೆಯುವುದಿಲ್ಲವೇ, ಹಾಗೆ.

ಚಿತ್ರ ಯಾಕೆ ಕೇಳಿದೆ ಎಂದರೆ, ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಹೃದಯಾಘಾತವಾದ 74 ಜನರಿಂದ ಹೀಗೆಯೇ ಹೃದಯದ ಚಿತ್ರ ಬಿಡಿಸಿದ್ದರು, 2004ರಲ್ಲಿ ಪ್ರಕಟವಾಯಿತು. ಹೃದಯಕ್ಕೆ ಹಾನಿಯಾಗಿದೆ ಎಂದು ಬಿಡಿಸಿದವರು ಕೆಲಸಕ್ಕೆ ಮರಳಲು ಹೆಚ್ಚು ದಿನ ತೆಗೆದುಕೊಂಡರು. ಯಾರು ಬೇಗ ಚೇತರಿಸಿಕೊಳ್ಳುತ್ತಾರೆ ಎಂಬುದನ್ನು ರಕ್ತಪರೀಕ್ಷೆಗಿಂತ ಆ ಚಿತ್ರಗಳೇ ಚೆನ್ನಾಗಿ ಹೇಳಿದವು. ಅದು ಹೃದಯಾಘಾತದವರ ಲೆಕ್ಕ, ಬೈಪಾಸ್‌ನದ್ದಲ್ಲ, ನಿಜ. ಆದರೆ ನನ್ನ ವಾರ್ಡಿನಲ್ಲಿ ನಾನು ಕಾಣುವುದೂ ಅದನ್ನೇ.

ನಿಮ್ಮ ಚಿತ್ರ ತಿದ್ದೋಣ. ಪ್ಯಾಚು ಇಲ್ಲ. ಕೂದಲಿನಷ್ಟು ತೆಳುವಾದ, ಕರಗದ ದಾರದಿಂದ ಸುತ್ತಲೂ ಹೊಲಿದಿರುತ್ತಾರೆ, ನಾಳಗಳು ಒಂದಕ್ಕೊಂದು ಬೆಸೆದುಕೊಂಡು ಎಷ್ಟೋ ದಿನವಾಯಿತು. ಕೂಗಿದರೆ ಬಿಚ್ಚುವುದಿಲ್ಲ. ಮೂರರಲ್ಲಿ ಒಂದು ಎದೆಯ ಒಳಗೋಡೆಯ ನಾಳವಾಗಿದ್ದರೆ (ಡಿಸ್ಚಾರ್ಜ್ ಸಾರಾಂಶದಲ್ಲಿ ‘ಲೀಮಾ’ ಎಂದಿರುತ್ತದೆ), ಅದನ್ನು ಬೇರಿನಿಂದ ಕಿತ್ತಿರುವುದಿಲ್ಲ. ಒಂದು ತುದಿ ಹುಟ್ಟಿದಲ್ಲೇ ಇರುತ್ತದೆ, ಇನ್ನೊಂದು ತುದಿಯನ್ನಷ್ಟೇ ತಿರುಗಿಸಿ ಹೃದಯಕ್ಕೆ ಸೇರಿಸುತ್ತಾರೆ. ಹತ್ತು ವರ್ಷದ ಮೇಲೂ ಹತ್ತರಲ್ಲಿ ಒಂಬತ್ತು ತೆರೆದೇ ಇರುತ್ತವೆ. ಆ ಕಪ್ಪನ್ನು ಅಳಿಸಿಬಿಡಿ. ಇ.ಎಫ್. 55 ಇರುವವರ ಹೃದಯದ ಅರ್ಧ ಭಾಗ ಸತ್ತಿರಲು ಸಾಧ್ಯವೇ ಇಲ್ಲ.

ಭಾನುವಾರ ಸಂಘಕ್ಕೆ ರಜೆಯಲ್ಲವೇ? ಕಾರ್ಯದರ್ಶಿಯನ್ನು ಕೇಳಿ ಬಾಗಿಲು ತೆಗೆಸಿ. ಗಿರಾಕಿಗಳಿಲ್ಲದ ಕೌಂಟರಿನಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಎದೆ ಹೊಡೆದುಕೊಳ್ಳುತ್ತದೆ, ಹೊಡೆದುಕೊಳ್ಳಲಿ. ತಾನಾಗಿ ಇಳಿಯುವವರೆಗೆ ಏಳಬೇಡಿ. ಅಂದು ನೀವು ಆಟೊ ಹತ್ತಿದ ಕ್ಷಣದಲ್ಲಿ ಭಯ ಗೆದ್ದಿತು, ‘ಓಡಿಬಂದದ್ದಕ್ಕೇ ಬದುಕಿದೆ’ ಎಂದು ದೇಹ ಬರೆದಿಟ್ಟುಕೊಂಡಿತು. ಹೋಗುವ ಮುಂಚೆ ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳಿ. ನೋವು ಬಂದರೆ ಮಾತ್ರ ಈ ಲೆಕ್ಕ ನಡೆಯದು, ತಕ್ಷಣ ಆಸ್ಪತ್ರೆಗೆ.

ಕಲ್ಲುಬಂಡೆ | ಶನಿವಾರ, ಬೆಳಗ್ಗೆ 11:00

ನನ್ನ ಮಾತು ಒರಟಾಯಿತು. ತಂದೆ ಇಪ್ಪತ್ತನೆಯ ದಿನ ಹೊಲಕ್ಕೆ ಹೋದದ್ದು ನಿಜ. ಎದೆಮೂಳೆ ಸರಿಯಾಗಿ ಕೂಡದೆ ಎರಡನೆಯ ಸಲ ತಂತಿ ಹಾಕಿಸಬೇಕಾಗಿ ಬಂದದ್ದೂ ನಿಜ. ಅದನ್ನು ಬರೆದಿರಲಿಲ್ಲ.

ಟಿಕ್ ಟಿಕ್ | ಶನಿವಾರ, ಬೆಳಗ್ಗೆ 11:07

ಮೋಟಾರು ಹಾಕುವುದನ್ನು ನೀವೇ ಹಾಕಬಹುದಿತ್ತಲ್ಲ ಅಣ್ಣ.

ತರೀಕೆರೆ ಕ್ಯಾಷಿಯರ್ | ಗುರುವಾರ, ರಾತ್ರಿ 9:15

ವರದಿ ಒಪ್ಪಿಸಬೇಕಲ್ಲ. ಶನಿವಾರ ರಾತ್ರಿ ಸರ್ಟಿಫಿಕೇಟ್ ತೆಗೆದು ಹೆಂಡತಿಯ ಕೈಗೆ ಕೊಟ್ಟೆ. ಅವಳು ಓದಲೂ ಇಲ್ಲ, ‘ಸೀರೆಗೆ ಕರ್ಪೂರದ ಗುಳಿಗೆ ಇಡಲು ಹೋದಾಗಲೇ ನೋಡಿದ್ದೆ’ ಎಂದಳು. ಹದಿನೈದು ದಿನವಾಗಿತ್ತಂತೆ. ಇಳಕಲ್‌ನ ತಂಗಿ ಹೇಳಿದ್ದು ಸರಿ.

ಡಾಕ್ಟರು ‘ಹೋಗಿ ಕುಳಿತುಕೊಳ್ಳಿ’ ಎಂದರು. ಭಾನುವಾರ ಕಾರ್ಯದರ್ಶಿ ಬೀಗ ತೆಗೆದು, ತಾವು ಹಿಂದಿನ ಕೋಣೆಯಲ್ಲಿ ಪತ್ರಿಕೆ ಓದುತ್ತ ಕುಳಿತರು. ನಾನು ಕುರ್ಚಿಯ ಮೇಲೆ ಕುಳಿತೆ. ಡ್ರಾಯರಿನಲ್ಲಿ ನನ್ನ ನೀರು ಸ್ಪಂಜಿನ ಡಬ್ಬಿ ಇತ್ತು, ಸ್ಪಂಜು ಒಣಗಿ ಇಟ್ಟಿಗೆಯಾಗಿತ್ತು. ಎದೆ ಹೊಡೆದುಕೊಂಡಿತು. ಗೋಡೆಯ ಗಡಿಯಾರದಲ್ಲಿ 14 ನಿಮಿಷ. ಆಮೇಲೆ ನಿಂತಿತು. ಸ್ಪಂಜಿಗೆ ನೀರು ಹಾಕಿ ಮನೆಗೆ ಬಂದೆ.

ಮಂಗಳವಾರದಿಂದ ಅರ್ಧ ದಿನ ಹೋಗುತ್ತಿದ್ದೇನೆ. ನಿನ್ನೆ ಅರುವತ್ತೆರಡರ ಹತ್ತಿರ ಬಂದಾಗ ಕೈ ನಿಧಾನವಾಯಿತು, ದಾಟಿದೆ. ಆದರೆ ಎಣಿಕೆ ಎರಡು ಸಲ ತಪ್ಪಿತು. 30 ವರ್ಷದಲ್ಲಿ ಹಾಗೆ ಆಗಿರಲಿಲ್ಲ. ಮಷಿನ್‌ಗೆ ಹಾಕಿ ನೋಡಿದರೆ ಒಂದು ನೋಟು ಹೆಚ್ಚು. ಹೆಸರುಗಳೂ ಮರೆಯುತ್ತಿವೆ. ಸಿಸ್ಟರ್, ತಲೆಗೂ ಏನಾದರೂ ಆಯಿತೇ?

ವಾರ್ಡಿನ ಸಿಸ್ಟರ್ | ಶುಕ್ರವಾರ, ಬೆಳಗ್ಗೆ 7:10

14 ನಿಮಿಷ! ಬರೆದಿಟ್ಟುಕೊಳ್ಳಿ, ಮುಂದಿನ ಸಲ ಕಡಿಮೆಯಾಗುತ್ತದೆ.

ಮರೆವು ಅನೇಕರಿಗೆ ಆಗುತ್ತದೆ. 2001ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಬೈಪಾಸ್ ಆಗಿ ಮನೆಗೆ ಹೊರಡುವಾಗ ನೂರಕ್ಕೆ 53 ಜನರಲ್ಲಿ ನೆನಪು, ಗಮನ ಕುಂದಿದ್ದವು. ಆರು ವಾರಕ್ಕೆ 36, ಆರು ತಿಂಗಳಿಗೆ 24. ಅದೇ ಅಧ್ಯಯನದಲ್ಲಿ ಐದು ವರ್ಷದ ಹೊತ್ತಿಗೆ ಮತ್ತೆ 42ಕ್ಕೆ ಏರಿದ್ದನ್ನು ಮುಚ್ಚಿಡುವುದಿಲ್ಲ. ಆಮೇಲೆ ಆಪರೇಷನ್ ಆಗದ ಹೃದ್ರೋಗಿಗಳ ಜೊತೆ ಹೋಲಿಸಿ ನೋಡಿದಾಗ, ದೀರ್ಘಕಾಲದ ಕುಂದಿಗೆ ಆಪರೇಷನ್‌ಗಿಂತ ವಯಸ್ಸು, ಬಿ.ಪಿ., ಸಕ್ಕರೆ ಕಾಯಿಲೆ, ರಕ್ತನಾಳಗಳ ಕಾಯಿಲೆಯೇ ಹೆಚ್ಚು ಕಾರಣ ಎಂದು ಕಂಡಿತು. ಬಿ.ಪಿ., ಸಕ್ಕರೆ ಹಿಡಿತದಲ್ಲಿಡುವುದು ತಲೆಗೂ ಒಳ್ಳೆಯದು. ಇದನ್ನು ಡಾಕ್ಟರಿಗೆ ಹೇಳಿ. ಅಲ್ಲಿಯವರೆಗೆ ಮಷಿನ್ ಇದೆಯಲ್ಲ, ಎರಡು ಸಲ ಹಾಕಿ. ನಾಚಿಕೆ ಏಕೆ?

ಹಮಾಲಿ ಮಗಳು | ಶುಕ್ರವಾರ, ಮಧ್ಯಾಹ್ನ 2:45

ನಮ್ಮ ತಂದೆಗೆ ಮುಂದಿನ ವಾರ ಬೈಪಾಸ್. ತಾಲ್ಲೂಕಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಾರೆ, 48 ವರ್ಷ. ಇಲ್ಲಿ ಬರೆದದ್ದನ್ನೆಲ್ಲ ಓದಿ ಹೇಳಿದೆ. ‘ಆಮೇಲೆ ಕೆಲಸಕ್ಕೆ ಹೋಗುತ್ತೀಯಾ ಅಪ್ಪ’ ಎಂದು ಕೇಳಿದೆ. ‘ಯಾವ ಕೆಲಸಕ್ಕೆ?’ ಎಂದರು. ನನಗೆ ಉತ್ತರ ಗೊತ್ತಾಗಲಿಲ್ಲ.

ವಾರ್ಡಿನ ಸಿಸ್ಟರ್ | ಶುಕ್ರವಾರ, ಸಂಜೆ 5:20

ಒಳ್ಳೆಯ ಸಮಯದಲ್ಲಿ ಕೇಳಿದ್ದೀಯ ಮಗಳೇ. ಆಪರೇಷನ್‌ಗೆ ಮುಂಚೆಯೇ ಈ ಮಾತು ಎತ್ತಬೇಕು, ನಾವು ಯಾರೂ ಎತ್ತುವುದಿಲ್ಲ. ಮೂರು ತಿಂಗಳು ಮೂಟೆಯ ಮಾತೇ ಬೇಡ. ಅದಾದ ಮೇಲೆ 50 ಕಿಲೋ ಹೊರಬಹುದೋ ಇಲ್ಲವೋ ಎಂಬುದನ್ನು ಪರೀಕ್ಷೆ ನೋಡಿ ಡಾಕ್ಟರೇ ಹೇಳಬೇಕು. ‘ಧೈರ್ಯ ತಂದುಕೊಳ್ಳಿ’ ಎಂದು ನಾನು ಹೇಳಿದರೆ ಅದು ಅನ್ಯಾಯ. ಅವರಿಗೆ ಬೇಕಾಗಿರುವುದು ಧೈರ್ಯವಲ್ಲ, ಬೇರೆ ಕೆಲಸ.

ನಿವೃತ್ತ ಚಾಲಕ | ಶುಕ್ರವಾರ, ಸಂಜೆ 7:48

ಕೊಟ್ಟರೂ ಕುರ್ಚಿಯ ಕೆಲಸ ಕೊಡಿಸಬೇಡಮ್ಮ. ಹಳೆಯ ಗೆಳೆಯರ ನಡುವೆಯೇ ಇರುವಂಥದ್ದು ನೋಡು.

ತರೀಕೆರೆ ಕ್ಯಾಷಿಯರ್ | ಶುಕ್ರವಾರ, ರಾತ್ರಿ 9:02

ಮಾರುಕಟ್ಟೆಯಲ್ಲಿ ಮೂಟೆ ತೂಗುವಾಗ ತೂಕ ಬರೆದುಕೊಳ್ಳಲು ಒಬ್ಬರು ಬೇಕಾಗುತ್ತಾರೆ. ನಮ್ಮ ಸಂಘದ ಗೋದಾಮಿನಲ್ಲೂ ಅಂಥವರು ಇದ್ದಾರೆ. ಮಂಡಿಯವರನ್ನು ಈಗಲೇ ಕೇಳಿಡಿ, ಆಪರೇಷನ್ ಆಗುವ ಮುಂಚೆಯೇ.

ಹಮಾಲಿ ಮಗಳು | ಶುಕ್ರವಾರ, ರಾತ್ರಿ 9:10

ಅಪ್ಪನಿಗೆ ಓದು ಬರಹ ಬರುವುದಿಲ್ಲ ಸರ್. ಅಂಕಿ ಮಾತ್ರ ಬರುತ್ತದೆ.

ತರೀಕೆರೆ ಕ್ಯಾಷಿಯರ್ | ಶುಕ್ರವಾರ, ರಾತ್ರಿ 9:12

ತೂಕಕ್ಕೆ ಅಂಕಿ ಸಾಕಮ್ಮ.